ಮರದ ರೋಗಿಯನ್ನು ಬಿಡುಗಡೆ ಮಾಡಿ, ಸ್ವಾಮಿ

ಪ್ರಾಂತ್ಯದ ಆಸ್ಪತ್ರೆ ಸಿದ್ಧತಾ ವಿಭಾಗದ ನಿರ್ದೇಶಕರ ಸನ್ನಿಧಿಗೆ, ಬಡಗಿಗಳ ಬೀದಿಯಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ಮೊದಲು ನನ್ನ ಅಭಿನಂದನೆ ಸ್ವೀಕರಿಸಬೇಕು. ಜೀವಕ್ಕೆ ಅಪಾಯವಿರುವ ಸೋಂಕು ರೋಗಿಯನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗಿಸುವ ಅಣಕು ಕವಾಯತಿನಲ್ಲಿ ನಮ್ಮ ಊರಿನ ಆಸ್ಪತ್ರೆ ಸತತ ಏಳು ತಿಂಗಳು ‘ಅತ್ಯುತ್ತಮ’ ಎನಿಸಿಕೊಂಡಿದೆ ಎಂದು ನಿಮ್ಮ ಕಚೇರಿಯ ಗೋಡೆಯ ಮೇಲೆ ಅಂಟಿಸಿದ್ದೀರಿ. ಏಳಕ್ಕೆ ಏಳು! ನಾನು ನಲವತ್ತೊಂದು ವರ್ಷದಿಂದ ಕುರ್ಚಿ ಮಾಡುತ್ತಿದ್ದೇನೆ. ಸಾಲಾಗಿ ಏಳು ಕುರ್ಚಿ ಅತ್ಯುತ್ತಮವಾಗಿ ಬಂದದ್ದು ನನಗಂತೂ ನೆನಪಿಲ್ಲ. ಆದರೆ ನನ್ನ ಕುರ್ಚಿಯ ಮೇಲೆ ಜನ ಕೂರುತ್ತಾರೆ. ನಿಮ್ಮ ಕವಾಯತು ನಡೆಯುವುದು ತಿಂಗಳ ಮೊದಲ ಶುಕ್ರವಾರ, ವಾರದ ರಜೆಯ ದಿನ, ಬೆಳಿಗ್ಗೆ ಏಳಕ್ಕೆ, ಬೀದಿಯ ಎರಡೂ ತುದಿಗೆ ಹಗ್ಗ ಕಟ್ಟಿ, ಒಂದು ನರಪಿಳ್ಳೆಯೂ ಎದ್ದಿರದ ಹೊತ್ತಿನಲ್ಲಿ, ಒಳಗೆ ಯಾರೂ ಇಲ್ಲದ ಖಾಲಿ ಪೆಟ್ಟಿಗೆಯನ್ನು ಹೊತ್ತುಕೊಂಡು.

ಎಂಟನೆಯ ಸಲದ್ದು ಅಣಕು ಆಗಿರಲಿಲ್ಲ ಸ್ವಾಮಿ. ಕಳೆದ ಬುಧವಾರ ಮಧ್ಯಾಹ್ನ ನಿಜವಾದ ರೋಗಿ ಬಂದರು, ಪೆಟ್ಟಿಗೆ ನಮ್ಮ ಬೀದಿಗಿಳಿಯಿತು, ಬೀದಿಯಲ್ಲಿ ಜನ ಇದ್ದರು. ಅದರ ಫಲವಾಗಿ ಗಾದಿ ಹೊಲಿಯುವ ವಗೀಹ್, ನಾಲ್ಕು ಮಕ್ಕಳ ತಂದೆ, ಆರು ದಿನದಿಂದ ಹೊಸ ಕಟ್ಟಡದ ಎರಡನೇ ಮಹಡಿಯಲ್ಲಿ ಗಾಜಿನ ಹಿಂದಿದ್ದಾನೆ, ಈಗ ಜ್ವರದಲ್ಲಿ ಮಲಗಿದ್ದಾನೆ. ನನ್ನ ದೂರು ಇಷ್ಟೇ: ನೀವು ಕವಾಯತನ್ನು ಶುಕ್ರವಾರದ ಮುಂಜಾವಿಗೆ ತಳ್ಳದೇ ಇದ್ದಿದ್ದರೆ ಅವನು ಇವತ್ತು ನನ್ನ ಪಕ್ಕದ ಅಂಗಡಿಯಲ್ಲಿ ಕೂತು ನನ್ನ ಕುರ್ಚಿಗಳನ್ನು ಬೈಯುತ್ತಿರುತ್ತಿದ್ದ. ನನ್ನ ಬೇಡಿಕೆಯನ್ನು ಕೊನೆಗೆ ಬರೆಯುತ್ತೇನೆ. ಬೇಡಿಕೆ ಮೊದಲೇ ಕಂಡರೆ ಅಧಿಕಾರಿಗಳು ಉಳಿದದ್ದನ್ನು ಓದುವುದಿಲ್ಲ ಎಂದು ನನ್ನ ಮಗಳು ಹೇಳಿದ್ದಾಳೆ.

ಮಗಳ ಹೆಸರು ರಾವ್ಯಾ. ಆಸ್ಪತ್ರೆಯ ರೋಗಿ ಸಾಗಣೆ ತಂಡದ ಹಿರಿಯ ನರ್ಸು. ನಿಮಗೆ ಅವಳ ಪರಿಚಯ ಚೆನ್ನಾಗಿಯೇ ಇದೆ, ಆ ಮಾತಿಗೆ ಆಮೇಲೆ ಬರುತ್ತೇನೆ. ನಮ್ಮ ಬೀದಿಯನ್ನೂ ನೀವು ಬಲ್ಲಿರಿ. ಒಂದು ಮಗ್ಗುಲಲ್ಲಿ ಆಸ್ಪತ್ರೆಯ ಹಳೇ ಕಟ್ಟಡ, ಇನ್ನೊಂದರಲ್ಲಿ ಸೋಂಕಿನವರಿಗೆಂದು ಕಟ್ಟಿದ ಹೊಸ ಕಟ್ಟಡ. ಎರಡಕ್ಕೂ ನಡುವೆ ಒಂದು ಸೇತುವೆ ಬೇಕೆಂದು ನಕ್ಷೆ ಬರೆದವರಿಗೆ ಹೊಳೆಯಲಿಲ್ಲ. ಹೀಗಾಗಿ ಉಸಿರಾಟದ ಯಂತ್ರಕ್ಕೆ ಸಿಕ್ಕಿಸಿದ ರೋಗಿಯನ್ನು ಪಾರದರ್ಶಕ ಪೆಟ್ಟಿಗೆಯಲ್ಲಿ ಮಲಗಿಸಿ, ಹಿಂಬಾಗಿಲಿನಿಂದ ಹೊರಗೆ ತಂದು, ನಲವತ್ತು ಹೆಜ್ಜೆ ನಮ್ಮ ಬೀದಿಯಲ್ಲಿ ನಡೆದು, ಎದುರಿನ ಬಾಗಿಲಿಗೆ ಸೇರಿಸಬೇಕು. ಪೆಟ್ಟಿಗೆಗೆ ಚಕ್ರಗಳಿವೆ; ಆದರೆ ನಮ್ಮ ಬೀದಿಯ ಕಲ್ಲುಗಳಿಗೆ ಅದು ಗೊತ್ತಿಲ್ಲ. ನಾಲ್ಕು ಜನ ಹೊರಲೇಬೇಕು. ಮುಖ ಮುಚ್ಚಿದ ನಾಲ್ವರು, ಅವರ ನಡುವೆ ಒಂದು ಉದ್ದನೆಯ ಪೆಟ್ಟಿಗೆ, ಒಳಗೆ ಅಲ್ಲಾಡದೆ ಮಲಗಿದ ಮನುಷ್ಯ. ಈ ನೋಟ ಕಂಡರೆ ನಮ್ಮ ಊರಿನ ಗಂಡಸಿನ ಕಾಲು ಏನು ಮಾಡುತ್ತದೆ ಎಂಬುದನ್ನು ಈಜಿಪ್ಟಿನಲ್ಲಿ ಹುಟ್ಟಿದ ನಿಮಗೆ ನಾನು ವಿವರಿಸಬೇಕೆ? ಜನಾಜಾ ಹೋಗುತ್ತಿದೆ ಎಂದರೆ ಸತ್ತವರು ಯಾರೆಂದು ಕೂಡ ಕೇಳದೆ ಎದ್ದು ಹೋಗಿ ನಾಲ್ಕು ಹೆಜ್ಜೆ ಹೆಗಲು ಕೊಟ್ಟು ಬರುತ್ತೇವೆ. ಬಾಯಲ್ಲಿದ್ದ ತುತ್ತು ಬಾಯಲ್ಲೇ ಇರುತ್ತದೆ, ಹೆಗಲು ಮಾತ್ರ ಹೋಗಿ ಸೇರಿರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಅದು ಇದೇ.

ವಗೀಹ್‌ಗಿಂತ ಮೊದಲು ಆ ಪಕ್ಕದ ಅಂಗಡಿಯಲ್ಲಿ ಬಯ್ಯೂಮಿ ಇದ್ದ. ನಾನು ಕುರ್ಚಿ ಮಾಡುತ್ತಿದ್ದೆ, ಅವನು ಅದಕ್ಕೆ ಗಾದಿ ಹೊಲಿಯುತ್ತಿದ್ದ. ಹೀಗೆ ಮೂವತ್ತು ವರ್ಷ. ಬೀದಿಯಲ್ಲಿ ಜನಾಜಾ ಬಂದರೆ ಅವನು ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಓಡುತ್ತಿದ್ದ. ನಾನು ಛೇಡಿಸುತ್ತಿದ್ದೆ.

“ಏನಯ್ಯಾ ಬಯ್ಯೂಮಿ, ಸತ್ತೋನಿಗೂ ಒಂದು ಹೊಲಿಗೆ ಹಾಕಿ ಕಳಿಸ್ತೀಯೇನು?”

“ನಗು, ನಗು. ನಾಳೆ ನಂಗೂ ನಾಲ್ಕು ಹೆಗಲು ಬೇಕಲ್ಲ ಮಾರಾಯ. ಈಗ್ಲೇ ಬಿತ್ತಿಡ್ತಿದೀನಿ,” ಎನ್ನುತ್ತಿದ್ದ.

ಕೊರೊನಾದ ಮೊದಲ ಬೇಸಿಗೆಯಲ್ಲಿ ಒಂದು ದಿನ, ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಒಬ್ಬ ರೋಗಿಯನ್ನು ಹೊತ್ತು ತಂದರು. ಚರಂಡಿ ಮುಚ್ಚಳದ ಹತ್ತಿರ ಹೊತ್ತವರೊಬ್ಬರ ಕಾಲು ಜಾರಿತು. ಬಯ್ಯೂಮಿ ಹಾರಿ ಹೋಗಿ ಮೂಲೆ ಹಿಡಿದ. ಅಷ್ಟೇ. ನನ್ನ ಎರಡೂ ಕೈ ಆ ಹೊತ್ತಿಗೆ ಗೋಂದಿನಲ್ಲಿ ಅಂಟಿದ್ದವು, ಒಂದು ಕುರ್ಚಿಯ ಕಾಲನ್ನು ಒತ್ತಿ ಹಿಡಿದು ಕೂತಿದ್ದೆ. ಇಲ್ಲದಿದ್ದರೆ ನಾನೂ ಓಡುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ರೋಗಿ ಬದುಕಿಕೊಂಡ. ಬಯ್ಯೂಮಿ ಹದಿನಾರನೇ ದಿನ ಹೋದ. ಬಿಳಿ ಪ್ಲಾಸ್ಟಿಕ್ಕಿನೊಳಗಿದ್ದ ನಾಲ್ವರು ಅಪರಿಚಿತರು ಅವನನ್ನು ವ್ಯಾನಿಗೆ ಹಾಕಿಕೊಂಡು ಹೋದರು, ನಮ್ಮನ್ನು ಯಾರನ್ನೂ ಹತ್ತಿರ ಬಿಡಲಿಲ್ಲ. ಊರಿನ ಎಲ್ಲ ಜನಾಜಾಗೂ ಓಡಿದ್ದ ಮನುಷ್ಯನಿಗೆ ಬೀದಿಯವರ ಒಂದು ಹೆಗಲೂ ದಕ್ಕಲಿಲ್ಲ. ನಾನು ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ನನ್ನ ಬಲಗೈಗೆ ಎಲ್ಲಿ ಹೋಗಬೇಕೆಂದು ತಿಳಿಯದೆ, ಅದು ತಾನಾಗಿಯೇ ಬಂದು ನನ್ನ ಎಡ ಹೆಗಲ ಮೇಲೆ ಕೂತುಕೊಂಡಿತು. ವ್ಯಾನು ತಿರುವು ದಾಟುವವರೆಗೂ ಹಾಗೇ ನಿಂತಿದ್ದೆ. ಬಹಳ ಅತ್ತೆ.

ರಾವ್ಯಾ ಅಳಲಿಲ್ಲ, ಅವಳಿಗೆ ಸಿಟ್ಟು ಬಂದಿತ್ತು. ಆ ಕಾಲವೆಲ್ಲ ಕಳೆದ ಮೇಲೂ ಆ ಸಿಟ್ಟು ಇಳಿಯಲಿಲ್ಲ. ಹೋದ ವರ್ಷ ಒಂದು ಸಂಜೆ ಅಂಗಡಿಗೆ ಬಂದು ನನ್ನ ಮುಂದೆ ನಿಂತಳು.

“ಅಪ್ಪಾ, ನಂಗೊಂದು ಗಂಡಾಳು ಬೇಕು.”

“ಅಂತೂ ಬಾಯಿ ಬಿಟ್ಯಲ್ಲ! ಎಂಥಾ ಮನೆತನದವನು?”

“ಮರದೋನು. ಉಸಿರಾಟದ ಕೊಳವೆ ಸಿಕ್ಸೋಕೆ ಬಾಯಿ ತೆರೆದಿರಬೇಕು, ಕೈ ಕಾಲು ಮಡಚಬೇಕು, ತೂಕ ಒಬ್ಬ ದಪ್ಪ ಗಂಡಸಿನಷ್ಟಿರಬೇಕು.”

“ಮರದೋನಾದ್ರೆ ಒಳ್ಳೇದೇ ಬಿಡು. ಎದುರು ಮಾತಾಡಲ್ಲ.”

ಹೀಗೆ ಹುಟ್ಟಿದ್ದು ಸನದ್ ಚಿಕ್ಕಪ್ಪ. ಬೀಚ್ ಮರದ ಮೈ, ಹೊಟ್ಟೆಯಲ್ಲಿ ಮರಳು, ಮೊಣಕಾಲಿಗೆ ಹಿತ್ತಾಳೆಯ ತಿರುಗಣೆ. ಮುಖ ಮಾತ್ರ ಸರಿಯಾಗಿ ಬರಲಿಲ್ಲ, ಕುರ್ಚಿ ಮಾಡುವವನ ಕೈಗೆ ಮೂಗು ಬರುವುದಿಲ್ಲ. ಆದರೂ ನಮ್ಮ ಬೀದಿಯ ಕಾಫಿ ಅಂಗಡಿಯ ಒಡತಿ ಇನ್ಶಿರಾಹ್ ಅವನನ್ನು ನೋಡಿದ ಕೂಡಲೇ, “ಅಯ್ಯೋ, ನನ್ನ ಮೊದಲ ಗಂಡನ ಹಾಗೇ ಇದಾನೆ, ಅವನೂ ಹಿಂಗೇ ಬಾಯಿ ಬಿಟ್ಕೊಂಡು ಮಲಗಿರ್ತಿದ್ದ,” ಎಂದು ಒಂದು ಹಳೇ ಗಲಾಬಿಯ್ಯಾ ನಿಲುವಂಗಿ ತಂದು ತೊಡಿಸಿದಳು. ಸೋಂಕು ಎಲ್ಲೆಲ್ಲಿ ಅಂಟುತ್ತದೆಂದು ತೋರಿಸಲು ರಾವ್ಯಾ ಒಂದು ಪುಡಿ ತರಿಸಿದ್ದಳು. ಅದು ಬರಿಗಣ್ಣಿಗೆ ಕಾಣುವುದಿಲ್ಲ, ಆದರೆ ನೇರಳೆ ದೀಪ ಹಿಡಿದರೆ ಹಸಿರಾಗಿ ಹೊಳೆಯುತ್ತದೆ. ಅದನ್ನು ಚಿಕ್ಕಪ್ಪನ ಮೈಗೂ ಪೆಟ್ಟಿಗೆಗೂ ಬಳಿದಳು.

ಮೊದಲ ಕವಾಯತು ಒಂದು ಗುರುವಾರ ಇಳಿಮಧ್ಯಾಹ್ನ, ಅಸ್ರ್ ನಮಾಜಿನ ಹೊತ್ತಿಗೆ, ರೋಗಿಗಳನ್ನು ನೋಡಲು ಬರುವವರು ತುಂಬಿದ ವೇಳೆಗೆ ಸರಿಯಾಗಿ ನಡೆಯಿತು. ಆಹಾ, ಏನು ಸೋಲು ಅದು! ಹಳೇ ಕಟ್ಟಡದ ಹಿಂಬಾಗಿಲು ಪೆಟ್ಟಿಗೆಗಿಂತ ನಾಲ್ಕು ಬೆರಳು ಕಿರಿದು ಎಂಬುದು ಆ ದಿನವೇ ಮೊದಲು ಗೊತ್ತಾಯಿತು. ಆಮ್ಲಜನಕದ ಸಿಲಿಂಡರನ್ನು ಬಲಕ್ಕೆ ಕಟ್ಟಿದ್ದರಿಂದ ಅದು ಚೌಕಟ್ಟಿಗೆ ಬಡಿದು ಕೊಳವೆ ಕಿತ್ತು ಬಂತು. ಮುಸುಕಿನೊಳಗಿದ್ದ ನಾಲ್ವರಿಗೂ ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ; ಇಬ್ಬರು ಎಡಕ್ಕೆ ಎಳೆದರು, ಇಬ್ಬರು ಬಲಕ್ಕೆ. ಅಂತೂ ಬೀದಿಗೆ ಬಂದರೆ, ಅಲ್ಲಿ ನಮ್ಮ ಜನ ಕಾದಿದ್ದರು. “ಇದು ಬೊಂಬೆ, ಯಾರೂ ಹತ್ತಿರ ಬರಬೇಡಿ” ಎಂದು ಬೆಳಿಗ್ಗೆಯೇ ಎಲ್ಲರಿಗೂ ಹೇಳಲಾಗಿತ್ತು. ಬೊಂಬೆಯನ್ನು ಮಾಡಿದ್ದೇ ನಾನು. ಆದರೂ ದೀಪ ಹಿಡಿದು ಎಣಿಸಿದಾಗ ಹದಿನೇಳು ಜನರ ಕೈ ಹೊಳೆಯುತ್ತಿದ್ದವು, ಅವುಗಳಲ್ಲಿ ಎರಡು ನನ್ನವು. ಮಗಳು ನನ್ನ ಕೈಗಳನ್ನು ನೋಡಿದ ನೋಟವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನಲವತ್ತು ಹೆಜ್ಜೆಗೆ ಹನ್ನೊಂದು ನಿಮಿಷ ಹಿಡಿದಿತ್ತು. ನಿಜವಾದ ರೋಗಿಯಾಗಿದ್ದರೆ ಮೊದಲ ಐದರಲ್ಲೇ ಹೋಗಿರುತ್ತಿದ್ದ ಎಂದು ಡಾಕ್ಟರು ಹೇಳಿದರು.

ಆ ಸೋಲಿನಿಂದ ಎಷ್ಟು ಕಲಿತೆವು ಗೊತ್ತೇ? ಮರುದಿನವೇ ನಾನು ಉಳಿ ತೆಗೆದುಕೊಂಡು ಹೋಗಿ ಬಾಗಿಲ ಚೌಕಟ್ಟನ್ನು ಕೆತ್ತಿ ಅಗಲ ಮಾಡಿದೆ. ಸಿಲಿಂಡರು ಎಡಕ್ಕೆ ಬಂತು. ಮಾತಿನ ಬದಲು ಪೆಟ್ಟಿಗೆಯನ್ನು ಬಡಿಯುವ ಪದ್ಧತಿ ಬಂತು: ಒಂದು ಬಡಿತ ಎತ್ತು, ಎರಡು ನಡೆ, ಮೂರು ನಿಲ್ಲು. ಉಳಿದದ್ದು ನಮ್ಮ ಹೆಗಲು. ರಾವ್ಯಾ ನಮ್ಮನ್ನೆಲ್ಲ ಕಾಫಿ ಅಂಗಡಿಯಲ್ಲಿ ಕೂರಿಸಿ ಬೈದಳು. ಪಾಪ, ಗಂಟಲು ಒಣಗುವವರೆಗೆ ಬೈದಳು. ಬೈಗುಳ ಕಿವಿಗೆ ಇಳಿಯುತ್ತದೆ, ಕೈಗೆ ಇಳಿಯುವುದಿಲ್ಲ. ಎರಡನೇ ಕವಾಯತಿನಲ್ಲೂ ಆರು ಕೈ ಹೊಳೆದವು.

ಆಗ ನನಗೆ ಬಯ್ಯೂಮಿಯ ವ್ಯಾನು ನೆನಪಾಯಿತು. ಕೈಯನ್ನು ಬೇಡ ಎಂದು ತಡೆಯಲಾಗುವುದಿಲ್ಲ, ಅದಕ್ಕೆ ಬೇರೊಂದು ಕೆಲಸ ಕೊಡಬೇಕು ಎಂದು ಹೇಳಿದೆ. ಬಲಗೈಯನ್ನು ತನ್ನದೇ ಎಡ ಹೆಗಲ ಮೇಲಿಟ್ಟುಕೊಂಡು ನಿಲ್ಲೋಣ. ಹೆಗಲು ಕೊಟ್ಟ ಹಾಗೂ ಆಯಿತು, ಮುಟ್ಟದೆ ಇದ್ದ ಹಾಗೂ ಆಯಿತು. ಇನ್ಶಿರಾಹ್ ಅದಕ್ಕೊಂದು ಕೂಗು ಸೇರಿಸಿದಳು. ಪೆಟ್ಟಿಗೆ ಹೊರಬಿದ್ದ ತಕ್ಷಣ ಅವಳು ಕಾಫಿ ತಟ್ಟೆಯ ಮೇಲೆ ಚಮಚದಿಂದ ಬಡಿದು, “ಹೆಗಲು ಬೇಡಾ, ದುವಾ ಸಾಕೂ!” ಎಂದು ಕೂಗಬೇಕು. ಅವಳ ಗಂಟಲು ನಿಮಗೆ ಗೊತ್ತಿದೆ. ಎರಡು ತಿಂಗಳು, ಪ್ರತಿ ಗುರುವಾರ, ಸುಮ್ಮನೆ ಖಾಲಿ ಮಂಚ ಹೊತ್ತುಕೊಂಡಾದರೂ ಅಭ್ಯಾಸ ಮಾಡಿದೆವು. ಕೊನೆಕೊನೆಗೆ ಕೂಗು ಕೇಳಿದರೆ ಸಾಕು, ಫೂಲ್ ಕಾಳಿನ ಪಲ್ಯ ತಿನ್ನುತ್ತಿದ್ದವನ ಕೈಯೂ ರೊಟ್ಟಿ ಬಿಟ್ಟು ಹೆಗಲೇರುತ್ತಿತ್ತು.

ಆಗಲೇ ನೀವು ಬಂದದ್ದು, ಮಾನ್ಯರೇ. ಮೂರನೇ ಕವಾಯತಿನ ಪರಿಶೀಲನೆಗೆ, ನೀಲಿ ಸೂಟಿನಲ್ಲಿ, ಮೂವರು ಗುಮಾಸ್ತರೊಂದಿಗೆ. ನಾನೇ ಮಾಡಿದ ಕುರ್ಚಿಯ ಮೇಲೆ ನಿಮ್ಮನ್ನು ಕೂರಿಸಿದೆವು; ಚೆನ್ನಾಗಿದೆ ಎಂದಿರಿ, ನನಗೆ ಸಂತೋಷವಾಯಿತು. ಬಾಗಿಲು ತೆರೆಯಿತು, ಪೆಟ್ಟಿಗೆ ಹೊರಬಂತು, ಇನ್ಶಿರಾಹ್ ಕೂಗಿದಳು. ಇಡೀ ಬೀದಿ ಎದ್ದು ನಿಂತು ತನ್ನ ಹೆಗಲ ಮೇಲೆ ಕೈ ಇಟ್ಟುಕೊಂಡಿತು. ಒಬ್ಬರೂ ಕದಲಲಿಲ್ಲ. ಒಬ್ಬರ ಹೊರತು. ನೀವು ಕನ್ನಡಕ ತೆಗೆದು ಜೇಬಿಗಿಟ್ಟಿರಿ, ಗುಮಾಸ್ತರನ್ನು ಸರಿಸಿಕೊಂಡು ಓಡಿದಿರಿ, “ಲಾ ಇಲಾಹ ಇಲ್ಲಲ್ಲಾಹ್” ಎನ್ನುತ್ತಾ ಪೆಟ್ಟಿಗೆಯ ಮೂಲೆಗೆ ಕೈ ಕೊಟ್ಟಿರಿ. ರಾವ್ಯಾ ಮುಸುಕಿನೊಳಗಿಂದ ಮೂರು ಸಲ ಬಡಿದಳು, ನಿಲ್ಲು, ನಿಲ್ಲು, ನಿಲ್ಲು. ನಿಮಗೆ ಆ ಭಾಷೆ ಎಲ್ಲಿ ಬರಬೇಕು? ನಲವತ್ತು ಹೆಜ್ಜೆಯನ್ನೂ ನಡೆದಿರಿ. ಪೆಟ್ಟಿಗೆಯೊಳಗೆ ಸನದ್ ಚಿಕ್ಕಪ್ಪ ಬಾಯಿ ಬಿಟ್ಟುಕೊಂಡು ನಿಮ್ಮನ್ನೇ ನೋಡುತ್ತಿದ್ದ.

ಆಮೇಲೆ ಚಹಾ ಕುಡಿದಿರಿ, ಬಸ್ಬೂಸಾ ತಿಂದಿರಿ, ಹನ್ನೊಂದು ಜನರ ಕೈ ಕುಲುಕಿದಿರಿ, ಇನ್ಶಿರಾಹಳ ಮೊಮ್ಮಗಳ ಕೆನ್ನೆ ಹಿಂಡಿದಿರಿ. ಆಮೇಲೆ ಆಸ್ಪತ್ರೆಯ ಒಂದು ಕೋಣೆಯಲ್ಲಿ ಕಿಟಕಿ ಮುಚ್ಚಿ ರಾವ್ಯಾ ನೇರಳೆ ದೀಪ ಹಚ್ಚಿದಳು. ಬೀದಿಯವರ ಕೈ ಒಂದಾದ ಮೇಲೊಂದು ಕಪ್ಪು, ಕಪ್ಪು, ಕಪ್ಪು. ನೀವು ಕೈ ಕುಲುಕಿದ ಹನ್ನೊಂದು ಮಾತ್ರ ಮಂದವಾಗಿ ಹಸಿರು. ಮಗುವಿನ ಕೆನ್ನೆಯ ಮೇಲೆ ಎರಡು ಬೆರಳು ಹಸಿರು. ಕೊನೆಗೆ ನಿಮ್ಮ ಸರದಿ. ಅಂಗೈ, ತೋಳು, ಮೀಸೆ, ಸಿಹಿ ತಿಂದ ತುಟಿ, ಎಲ್ಲ ಝಗಝಗ. ಇನ್ಶಿರಾಹ್‌ಗೆ ಬಾಯಿ ಬಿಗಿಹಿಡಿಯಲಾಗಲಿಲ್ಲ.

“ಅಮ್ಮಾ ತಾಯೀ, ಸಾಹೇಬರು ರಂಜಾನ್ ಲಾಂದ್ರ ಇದ್ದಂಗೆ ಇದಾರಲ್ರೀ!”

ಆಗ ಕತ್ತಲೆಯಲ್ಲಿ ಯಾರೋ ಒಬ್ಬರು ನಕ್ಕರು. ಕಿಸಕ್ಕೆಂದು, ಮೂಗಿನಿಂದ, ತಡೆಯಲಾಗದೆ. ನಿಮ್ಮ ಗುಮಾಸ್ತರು ಅದು ಯಾರೆಂದು ಬಹಳ ವಿಚಾರಿಸಿದರಂತೆ. ಇವತ್ತು ಈ ಪತ್ರಿಕೆಯಲ್ಲಿ ಎಲ್ಲರೆದುರಿಗೆ ಒಪ್ಪಿಕೊಳ್ಳುತ್ತೇನೆ: ಆ ನಗು ನನ್ನದು. ತಪ್ಪಾಯಿತು. ಮೊದಲ ಸಲ ಹೊಳೆದ ಹದಿನೇಳು ಜನರ ಕೈಗಳಲ್ಲಿ ಎರಡು ನನ್ನವೇ ಆಗಿದ್ದವು; ನಗುವ ಯೋಗ್ಯತೆ ನನಗಿರಲಿಲ್ಲ. ನಿಜ ಹೇಳಬೇಕೆಂದರೆ ಆ ದಿನ ನಿಮ್ಮ ಮೇಲೆ ನನಗೆ ಗೌರವ ಹೆಚ್ಚಿತು. ಸೂಟು ಹಾಕಿದ ಅಧಿಕಾರಿ, ಬೊಂಬೆ ಎಂದು ಗೊತ್ತಿದ್ದೂ, ಒಂದು ಪೆಟ್ಟಿಗೆಯನ್ನು ಒಂಟಿಯಾಗಿ ಹೋಗಲು ಬಿಡಲಿಲ್ಲ. ನಿಮ್ಮನ್ನು ಹೆತ್ತ ತಾಯಿ ಚೆನ್ನಾಗಿ ಬೆಳೆಸಿದ್ದಾರೆ ಎಂದು ಅಂದೇ ನಿಮಗೆ ಹೇಳಬೇಕಿತ್ತು. ಹೇಳುವ ಬದಲು ನಕ್ಕೆ, ನೀವು ಮುಖ ಒರೆಸಿಕೊಂಡು ಕಾರು ಹತ್ತಿದಿರಿ.

ಹತ್ತನೇ ದಿನ ಆದೇಶ ಬಂತು. ‘ಸಾರ್ವಜನಿಕರ ಅಶಿಸ್ತಿನ ಕಾರಣ’ ಕವಾಯತು ಇನ್ನು ಮುಂದೆ ಶುಕ್ರವಾರ ಮುಂಜಾನೆ ಏಳಕ್ಕೆ, ಬೀದಿ ಮುಚ್ಚಿ, ವಾರಕ್ಕಲ್ಲ, ತಿಂಗಳಿಗೊಮ್ಮೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಯಾವ ಸಾರ್ವಜನಿಕರು, ಸ್ವಾಮಿ? ಆ ದಿನ ಅಶಿಸ್ತು ತೋರಿದ ಸಾರ್ವಜನಿಕರು ಒಟ್ಟು ಒಬ್ಬರು, ಅವರು ನೀಲಿ ಸೂಟಿನಲ್ಲಿದ್ದರು. ನಿಮ್ಮಷ್ಟು ಓದಿದವರು ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಸೋಂಕು ಹೇಗೆ ಹರಡುತ್ತದೆಂದು ನಿಮಗಿಂತ ಚೆನ್ನಾಗಿ ಬಲ್ಲವರೂ ಇರಲಿಲ್ಲ. ಕೈ ಕೊಟ್ಟವರು ಮಾತ್ರ ನೀವೊಬ್ಬರೇ. ಏಕೆಂದರೆ ಆ ಬೀದಿಯಲ್ಲಿ ಅಭ್ಯಾಸ ಮಾಡದೆ ಬಂದಿದ್ದವರೂ ನೀವೊಬ್ಬರೇ. ಕವಾಯತು ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ನಾವು ಎಲ್ಲಿಂದ ತರೋಣ? ಆ ದಿನದ ವರದಿಯಲ್ಲಿ ನಿಮ್ಮ ಕೈಯ ಗುರುತೇ ಅತ್ಯುತ್ತಮ ಫಲಿತಾಂಶ. ಅದನ್ನು ಅಡಗಿಸಲು ಒಂದು ಇಡೀ ಬೀದಿಯನ್ನು ಶುಕ್ರವಾರ ಮಲಗಿಸಿಬಿಟ್ಟಿರಿ. ನೀರಿಗೆ ಇಳಿಯಗೊಡದೆ ಈಜಿನ ಪರೀಕ್ಷೆ ಮಾಡಿ ಪಾಸು ಕೊಟ್ಟಿರಿ. ರೋಗಿಗಳು ಶುಕ್ರವಾರ ಮುಂಜಾನೆಯೇ ಉಸಿರುಗಟ್ಟಬೇಕೆಂದು ಯಾವ ಸುತ್ತೋಲೆ ಹೊರಡಿಸಿದ್ದೀರಿ?

ಸಾಲದ್ದಕ್ಕೆ ಸನದ್ ಚಿಕ್ಕಪ್ಪ ‘ಅನುಮೋದಿತ ಉಪಕರಣವಲ್ಲ’ ಎಂದು ಅವನನ್ನು ಒಯ್ಯಲು ಇಬ್ಬರು ಜವಾನರನ್ನು ಕಳಿಸಿದಿರಿ. ಇಬ್ಬರಿಂದಲೂ ಅವನನ್ನು ಎತ್ತಲಾಗಲಿಲ್ಲ. ಏನು ಮಾಡುವುದು, ಬೀದಿಯವರೇ ಎದ್ದು ಬಂದೆವು. ಮೂರು ತಿಂಗಳು ಬಿಗಿಹಿಡಿದಿದ್ದ ಹೆಗಲುಗಳನ್ನೆಲ್ಲ ಆ ದಿನ ಕೊಟ್ಟು, ಅವನನ್ನು ಬೀದಿಯ ತುದಿಯವರೆಗೆ ಹೊತ್ತು ನಿಮ್ಮ ಗಾಡಿಗೆ ಏರಿಸಿದೆವು. ಇನ್ಶಿರಾಹ್ ಗಲಾಬಿಯ್ಯಾ ಸರಿಪಡಿಸಿ, “ಅಲ್ಲಿ ಬಾಯಿ ಮುಚ್ಕೊಂಡಿರು ಚಿಕ್ಕಪ್ಪಾ, ಸರ್ಕಾರಿ ಜಾಗ,” ಎಂದು ಬುದ್ಧಿ ಹೇಳಿ ಕಳಿಸಿದಳು.

ಆಮೇಲೆ ಏಳು ತಿಂಗಳು. ಬೀದಿ ನಿಂತ ನೀರಲ್ಲವಲ್ಲ. ಇಬ್ಬರು ಅಂಗಡಿ ಬಿಟ್ಟು ಡಮಿಯೆಟ್ಟಾ ಪೇಟೆಗೆ ಹೋದರು, ಮೂವರು ಹೊಸಬರು ಬಂದರು. ಮುಚ್ಚಿಯೇ ಇದ್ದ ಬಯ್ಯೂಮಿಯ ಅಂಗಡಿಯನ್ನು ಮೂರು ತಿಂಗಳ ಹಿಂದೆ ವಗೀಹ್ ಹಿಡಿದ. ಒಳ್ಳೇ ಕೈ, ಕೆಟ್ಟ ಬಾಯಿ. ನನ್ನ ಕುರ್ಚಿ ನೋಡಿದರೆ ಸಾಕು, “ಉಸ್ತಾದ್ರೇ, ಇದರ ಮೇಲೆ ನಾನು ಎಷ್ಟು ಹತ್ತಿ ತುಂಬಿದ್ರೂ ಕೂತೋರು ನಿಮ್ಮನ್ನೇ ಶಪಿಸ್ತಾರೆ,” ಎನ್ನುತ್ತಿದ್ದ. ಕವಾಯತಿನ ಬಗ್ಗೆ ಅವನಿಗೆ ನಾನು ಹೇಳಿದ್ದೇನೆಯೇ? ಹೇಳಿದ್ದೇನೆ, ಒಂದು ಸಲ, ಚಹಾ ಕುಡಿಯುತ್ತಾ, ನಿಮ್ಮ ಮೀಸೆಯ ಕತೆಯ ಜೊತೆಗೆ. ಅವನು ಚೆನ್ನಾಗಿ ನಕ್ಕ. ಅಷ್ಟರಿಂದ ಏನಾಗುತ್ತದೆ? ಹದಿನೇಳು ಜನರಿಗೂ ಮೊದಲೇ ಹೇಳಿದ್ದೆವಲ್ಲ.

ಬುಧವಾರ ಬಂದದ್ದು ಹಜ್ ಮುಗಿಸಿ ಮರಳಿದ ಒಬ್ಬ ಅಜ್ಜಿ. ಉಸಿರಿನ ಜ್ವರ. ಅದರ ಹೆಸರು ಹೇಳಿದರೆ ಊರು ಹೆದರೀತೆಂದು ನಿಮ್ಮ ಕಚೇರಿ ಇನ್ನೂ ಹೆಸರು ಹೇಳಿಲ್ಲ, ನಾನೂ ಹೇಳುವುದಿಲ್ಲ. ತಂಡದಲ್ಲಿ ನಾಲ್ವರೂ ಹೆಣ್ಣುಮಕ್ಕಳು, ಮುಂದೆ ರಾವ್ಯಾ. ಬಾಗಿಲಲ್ಲಿ ಪೆಟ್ಟಿಗೆ ಸಲೀಸಾಗಿ ಹೊರಬಂತು. ಇನ್ಶಿರಾಹ್ ತಟ್ಟೆ ಬಡಿದಳು. ಏಳು ತಿಂಗಳ ಮೇಲೂ ಹಳಬರ ಕೈ ಮರೆತಿರಲಿಲ್ಲ, ಎಲ್ಲ ಹೆಗಲೇರಿದವು. ವಗೀಹ್ ಅಂಗಡಿಯಿಂದ ಹೊರಬಂದು ಆ ಕಡೆ ನೋಡಿದ, ಈ ಕಡೆ ನೋಡಿದ.

“ಥೂ, ಎಂಥಾ ಕಲ್ಲು ಬೀದಿ ಇದು! ನಾಲ್ಕು ಹೆಣ್ಮಕ್ಳು ಹೊತ್ಕೊಂಡು ಹೋಗ್ತಿದ್ರೆ ಗಂಡಸ್ರು ಭುಜ ತಡವಿಕೊಂಡು ನಿಂತಿದೀರಲ್ಲಾ!”

“ವಗೀಹ್, ಬೇಡ! ನಿಲ್ಲೋ!” ಎಂದು ನಾನು ಕಿರುಚಿದೆ. ಅಷ್ಟರಲ್ಲಿ ಅವನು ಮೂಲೆ ಹಿಡಿದು ಎತ್ತಿಯಾಗಿತ್ತು. ಗಟ್ಟಿ ಆಳು, ಜೋರಾಗಿ ಎತ್ತಿದ. ಪೆಟ್ಟಿಗೆ ವಾಲಿ ಮುಚ್ಚಳ ಸರಿಯಿತು, ಅಜ್ಜಿಯ ಉಸಿರಿನ ಕೊಳವೆ ಕಿತ್ತು ಗಾಳಿ ನೇರ ಅವನ ಮುಖಕ್ಕೆ ಬಡಿಯಿತು. ಮೂರು ಬಡಿತ ಕೇಳಿಸಿತು. ತಂಡ ನಿಂತಿತು. ರಾವ್ಯಾಳ ಕೈ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೊಳವೆಯನ್ನು ಹುಡುಕಿ ಸಿಕ್ಕಿಸಿತು. ಆ ಕೆಲಸವನ್ನು ಅವಳು ಸನದ್ ಚಿಕ್ಕಪ್ಪನ ಬಾಯಿಗೆ ಇನ್ನೂರು ಸಲ ಮಾಡಿದ್ದಾಳೆ, ಶುಕ್ರವಾರದ ಖಾಲಿ ಪೆಟ್ಟಿಗೆಯಲ್ಲಲ್ಲ. ಅಜ್ಜಿ ಬದುಕಿದ್ದಾರೆ, ನಿನ್ನೆ ಸಕ್ಕರೆ ಹಾಕಿದ ಚಹಾ ಬೇಕೆಂದು ಜಗಳ ತೆಗೆದರಂತೆ. ವಗೀಹ್‌ಗೆ ಮೂರನೇ ದಿನ ಜ್ವರ ಬಂತು.

ಅವನು ಗಾಜಿನ ಆಚೆಯಿಂದ ನನ್ನ ಮಗಳನ್ನು ದಿನವೂ ಒಂದೇ ಮಾತು ಕೇಳುತ್ತಾನೆ: “ತಂಗೀ, ನಾನು ಏನು ತಪ್ಪು ಮಾಡ್ದೆ ಹೇಳಮ್ಮ?” ಉತ್ತರ ಕೊಡಬೇಕಾದವರು ನೀವು ಎಂದು ಅವಳಿಗೆ ಹೇಳಿದ್ದೇನೆ. ಏನು ಉತ್ತರ ಕೊಡುತ್ತೀರಿ? ಅವನು ಮಾಡಿದ್ದೂ ನೀವು ಮಾಡಿದ್ದೂ ಒಂದೇ ಕೆಲಸ. ನಿಮ್ಮ ಪೆಟ್ಟಿಗೆಯಲ್ಲಿ ಮರ ಇತ್ತು, ಅವನ ಪೆಟ್ಟಿಗೆಯಲ್ಲಿ ಜ್ವರ ಇತ್ತು. ನೀವು ಸೋಪು ಹಚ್ಚಿ ತೊಳೆದುಕೊಂಡು ಮನೆಗೆ ಹೋದಿರಿ. ಅವನಿಗೂ ಮೊದಲು ಮರದ ರೋಗಿಗೇ ಹೆಗಲು ಕೊಟ್ಟು, ಹಸಿರು ಕೈ ನೋಡಿಕೊಂಡು, ನಮ್ಮ ನಗೆಗೆ ಗುರಿಯಾಗಿ ಕಲಿಯುವ ಹಕ್ಕು ಇತ್ತು. ಅದನ್ನು ನೀವು ಉಗ್ರಾಣದಲ್ಲಿ ಬೀಗ ಹಾಕಿ ಇಟ್ಟಿದ್ದೀರಿ.

ಈಗ ಬೇಡಿಕೆ. ಒಂದು, ಕವಾಯತು ಮತ್ತೆ ಗುರುವಾರ ಅಸ್ರ್ ಹೊತ್ತಿಗೆ, ಜನ ತುಂಬಿದ ಬೀದಿಯಲ್ಲಿ ನಡೆಯಬೇಕು. ನಾವು ಸೋತರೆ ಸೋತೆವು ಎಂದೇ ಬರೆಯಿರಿ. ಇನ್ನೊಂದು, ಸನದ್ ಚಿಕ್ಕಪ್ಪನನ್ನು ಬಿಡುಗಡೆ ಮಾಡಬೇಕು. ಅವನನ್ನು ಬಿಟ್ಟುಕೊಡಲು ನಿಯಮ ಅಡ್ಡ ಬಂದರೆ ಅಡ್ಡಿಯಿಲ್ಲ, ನೀವೇ ಬಂದು ಪೆಟ್ಟಿಗೆಯಲ್ಲಿ ಮಲಗಿ. ಬಾಯಿ ತೆರೆದಿಟ್ಟುಕೊಂಡರೆ ಸಾಕು, ಉಳಿದದ್ದನ್ನು ರಾವ್ಯಾ ನೋಡಿಕೊಳ್ಳುತ್ತಾಳೆ. ತೂಕದ ಲೆಕ್ಕ ಮಾತ್ರ ಸರಿಹೋಗಬೇಕು. ಚಿಕ್ಕಪ್ಪನ ತೂಕ ಎಂಬತ್ತಮೂರು ಕಿಲೋ. ಮಗಳು ದಪ್ಪ ಗಂಡಸಿನಷ್ಟು ಎಂದಿದ್ದಳು, ಅಷ್ಟೇ. ಆ ಅಂಕಿ ನನ್ನದು, ಯಾರಿಗೂ ಇದುವರೆಗೆ ಹೇಳಿಲ್ಲ. ಒಮ್ಮೆ ಮರದ ಮಂ­ಡಿಯ ತಕ್ಕಡಿಯ ಮೇಲೆ ತಮಾಷೆಗೆ ಹತ್ತಿ ನಿಂತಾಗ ಬಯ್ಯೂಮಿ ಅಷ್ಟು ತೂಗಿದ್ದ. ನಿಮ್ಮ ಜವಾನರ ಗಾಡಿಯವರೆಗೆ ನಾವೆಲ್ಲ ಹೊತ್ತುಕೊಂಡು ಹೋದೆವಲ್ಲ, ಆ ದಿನ ನನ್ನ ಹೆಗಲಿಗೆ ಅದು ಯಾರ ಭಾರ ಎಂದು ಗೊತ್ತಿತ್ತು.

ಈ ಪತ್ರ ಮುಗಿಸುವ ಮೊದಲು ಬೀದಿಗೆ ಹೋಗಿ ಬಂದೆ. ಅಸ್ರ್ ಆದ ಮೇಲೆ ದಿನವೂ ನಾವು ಹೊಸ ಕಟ್ಟಡದ ಕೆಳಗೆ ನಿಂತು ಎರಡನೇ ಮಹಡಿಯ ಕಿಟಕಿ ನೋಡುತ್ತೇವೆ, ಹೆಗಲ ಮೇಲೆ ಕೈ ಇಟ್ಟುಕೊಂಡು. ಐದು ದಿನ ಕಿಟಕಿಯಲ್ಲಿ ಯಾರೂ ಕಾಣಲಿಲ್ಲ. ಇವತ್ತು ಪರದೆ ಸರಿಯಿತು. ವಗೀಹ್ ಕಬ್ಬಿಣದ ಕಂಬಿಗೆ ಒರಗಿಕೊಂಡು ನಿಂತಿದ್ದ, ಮೂಗಿಗೆ ಕೊಳವೆ, ಮುಖ ಇಳಿದುಹೋಗಿದೆ. ನಮ್ಮನ್ನು ಬಹಳ ಹೊತ್ತು ನೋಡಿದ. ಆಮೇಲೆ ಬಲಗೈ ಎತ್ತಿ ನಿಧಾನವಾಗಿ ತನ್ನ ಎಡ ಹೆಗಲ ಮೇಲೆ ಇಟ್ಟುಕೊಂಡ. ಇನ್ಶಿರಾಹ್ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾ, “ಕಲಿತ್ಬಿಟ್ಟ ಕಣ್ರೋ, ಕಲಿತ್ಬಿಟ್ಟ,” ಎಂದಳು. ಅವನಿಗೆ ಇದನ್ನು ಕಲಿಸಬೇಕಾಗಿದ್ದವನು ಬಾಯಿ ಬಿಟ್ಟುಕೊಂಡು ನಿಮ್ಮ ಉಗ್ರಾಣದಲ್ಲಿ ಮಲಗಿದ್ದಾನೆ, ಮಾನ್ಯರೇ. ಗುರುವಾರಕ್ಕೆ ಇನ್ನು ಮೂರು ದಿನ ಇದೆ. ಕಳಿಸಿಕೊಡಿ.

ಇಂತಿ,
ಕತ್ತಲೆಯಲ್ಲಿ ನಕ್ಕವನು, ಮೂಗು ಕೆತ್ತಲು ಬಾರದವನು,
ಉಸ್ತಾದ್ ಮೆತ್ವಲ್ಲಿ, ಕುರ್ಚಿ ಬಡಗಿ